ಸಂಚಿಯ ನೋಟು, ಸರ್ಕಾರದ ಪೆಟ್ಟಿಗೆ

ಖಜಾನೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಒಬ್ಬಳು, "ಸರ್, ಕಂಪ್ಯೂಟರ್ ಇಲ್ಲದ ನಿಮ್ಮ ಕಾಲದಾಗ ಕೆಲಸ ಹೆಂಗ ಮಾಡ್ತಿದ್ರಿ?" ಎಂದಳು. "ಒಬ್ಬರನ್ನೊಬ್ರು ಬೈಕೊಂತ ಮಾಡ್ತಿದ್ವಿ" ಎಂದೆ. ಅವರು ನಕ್ಕರು. ನನ್ನ ಹೆಂಡತಿ ನಗಲಿಲ್ಲ, ಯಾಕೆಂದರೆ ಕಚೇರಿಯಲ್ಲಿ ಉಳಿದ ಬೈಗುಳ ಮನೆಗೇ ಬರುತ್ತಿತ್ತು. ಅವರು ಹೋದ ಮೇಲೆ ಸರಿಯಾಗಿ ಉತ್ತರ ಕೊಡಬೇಕಿತ್ತು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳೆಲ್ಲ ಸೇವಾಪುಸ್ತಕದಲ್ಲಿವೆ. ಅವನ್ನು ಓದಲು ಯಾರಿಗೂ ಪುರಸೊತ್ತಿಲ್ಲ, ನನಗೂ ಇಲ್ಲ.

ನಾನು ಕುರುಗೋಡಿನವನು. ಬಳ್ಳಾರಿಯ ಜಿಲ್ಲಾ ಖಜಾನೆಗೆ ಗುಮಾಸ್ತನಾಗಿ ಸೇರಿದ್ದು ಅರವತ್ತರ ದಶಕದಲ್ಲಿ. ಅಲ್ಲಿನ ಹೆಡ್ ಅಕೌಂಟೆಂಟರು ಮಾತು ಕಡಿಮೆ, ನಶ್ಯ ಹೆಚ್ಚು. ಮೊದಲ ವಾರದಲ್ಲೇ ನನ್ನನ್ನು ಭದ್ರತಾ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಒಳಗಿದ್ದ ಕಬ್ಬಿಣದ ದೊಡ್ಡ ಪೆಟ್ಟಿಗೆ ತೋರಿಸಿ, "ಅದರಾಗ ಏನೈತಿ?" ಎಂದರು.

"ರೊಕ್ಕ ರಿ" ಎಂದೆ.

"ಅಲ್ಲ. ಕಾಗದ ಐತಿ. ಹೊರಗ ಬಂದ್ರ ರೊಕ್ಕ ಆಗತೈತಿ."

ನನಗೆ ತಮಾಷೆ ಎನಿಸಿತ್ತು. ಆಮೇಲೆ ಅವರೇ ಬಿಡಿಸಿ ಹೇಳಿದರು. ಸರ್ಕಾರಕ್ಕೆ ಬೇಕೆನಿಸಿದಷ್ಟು ನೋಟು ಅಚ್ಚು ಹಾಕಿ ಊರೊಳಗೆ ಬಿಡಲು ಕಾನೂನು ಒಪ್ಪುವುದಿಲ್ಲ. ಹೊರಗೆ ಓಡಾಡುವ ನೋಟಿಗೆಲ್ಲ ಹಿಂದೆ ಬಂಗಾರವೋ ಬಾಂಡೋ ಆಧಾರವಾಗಿ ಇರಲೇಬೇಕು, ಅದಕ್ಕೊಂದು ಮಿತಿ ಇದೆ. ಆ ಪೆಟ್ಟಿಗೆ ಖಜಾನೆಯಲ್ಲಿದ್ದರೂ ಅದರೊಳಗಿನ ನೋಟು ಖಜಾನೆಯದಲ್ಲ, ನೋಟು ಹೊರಡಿಸುವ ಬ್ಯಾಂಕಿನದು. ಒಳಗಿದ್ದಷ್ಟು ಹೊತ್ತು ಅದು ಚಲಾವಣೆಯ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ಕಟ್ಟು ತೆಗೆದರೂ ಸರಿ, ಹಾಕಿದರೂ ಸರಿ, ಅವತ್ತೇ ಬೆಂಗಳೂರಿಗೆ ಚೀಟಿ ಹೋಗಬೇಕು. ಹೀಗಾಗಿ ಪೆಟ್ಟಿಗೆಗೆ ಎರಡು ಬೀಗ, ಎರಡು ಬೀಗಕ್ಕೆ ಇಬ್ಬರು ಯಜಮಾನರು. ಒಂದು ಕೀಲಿ ಅಧಿಕಾರಿಯದು, ಇನ್ನೊಂದು ಶರಾಫರದು. ನೋಟು ಎಣಿಸಿ, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವವರಿಗೆ ನಮ್ಮಲ್ಲಿ ಶರಾಫರು ಎನ್ನುತ್ತಿದ್ದರು.

ಒಂದು ರೂಪಾಯಿ ನೋಟಿನದಂತೂ ಬೇರೆಯೇ ಜಾತಿ. ಉಳಿದ ನೋಟಿನ ಮೇಲೆ ಬ್ಯಾಂಕಿನ ಗವರ್ನರ ಸಹಿ, ಹಣ ಕೊಡುವೆನೆಂಬ ವಾಗ್ದಾನ ಎರಡೂ ಇರುತ್ತವೆ. ಒಂದು ರೂಪಾಯಿಯನ್ನು ಸರ್ಕಾರ ತಾನೇ ಹೊರಡಿಸುತ್ತದೆ. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ, ವಾಗ್ದಾನ ಇರುವುದಿಲ್ಲ. ಕಾನೂನಿನ ಕಣ್ಣಿಗೆ ಅದು ನೋಟೇ ಅಲ್ಲ, ಕಾಗದದ ಮೇಲಿನ ನಾಣ್ಯ. ಇದನ್ನೆಲ್ಲ ಕಲಿತ ಉತ್ಸಾಹದಲ್ಲಿ ಭಾನುವಾರ ಕುರುಗೋಡಿಗೆ ಹೋಗಿ ಅವ್ವನಿಗೆ ವಿವರಿಸಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿ, "ಹಂಗಾರ ನೀನು ಕಾಗದ ಕಾಯಾಕ ಬಳ್ಳಾರಿಗೆ ಹೋಗೀಯೇನು? ನಾವು ಮಂದಿಗೆಲ್ಲ ರೊಕ್ಕ ಕಾಯ್ತಾನ ಅಂತ ಹೇಳಿವಲ್ಲೋ" ಎಂದಳು. ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು.

ಸಿರುಗುಪ್ಪದ ಉಪಖಜಾನೆಗೆ ನನ್ನನ್ನು ಕಳಿಸಿದಾಗ ಅಲ್ಲಿ ಶರಾಫರಾಗಿದ್ದವರು ಹುಸೇನ್ ಸಾಹೇಬರು. ದಪ್ಪ ಕನ್ನಡಕ, ತಲೆಗೆ ಬಿಳಿ ಟೋಪಿ, ಬೆರಳ ತುದಿ ಮಾತ್ರ ಚಿಕ್ಕ ವಯಸ್ಸಿನವರದ್ದು. ಪೆಟ್ಟಿಗೆಯ ಕೀಲಿಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡೇ ಇರುತ್ತಿದ್ದರು. ಒಮ್ಮೆ ತಂಗಿಯ ಮಗಳ ಮದುವೆಗೆಂದು ರಜೆ ಹಾಕಿ ಬಳ್ಳಾರಿಗೆ ಹೊರಟವರು ಕೀಲಿ ಒಪ್ಪಿಸುವುದನ್ನೇ ಮರೆತು ಬಸ್ಸು ಹತ್ತಿಬಿಟ್ಟರು. ಸಿರುಗುಪ್ಪದಲ್ಲಿ ಅವತ್ತು ಸಂಬಳದ ದಿನ. ತಾಲೂಕಿನ ಮಾಸ್ತರರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಹುಸೇನ್ ಸಾಹೇಬರ ವಂಶವನ್ನು ಉದ್ಧಾರ ಮಾಡುತ್ತಿದ್ದರು. ಸಂಜೆ ಅವರು ಲಾರಿ ಹಿಡಿದು ವಾಪಸ್ಸು ಬಂದರು. ಕೈಯಲ್ಲಿ ಬಿರಿಯಾನಿಯ ಡಬ್ಬಿ ಇತ್ತು. ಊಟಕ್ಕೆ ಕೂತಿದ್ದಾಗ ಕೀಲಿ ಹೊಟ್ಟೆಗೆ ಚುಚ್ಚಿತಂತೆ, ಆಗ ನೆನಪಾಯಿತಂತೆ. ಬೈಯಲು ಕಾದಿದ್ದವರು ಅವರ ಮುಖ ನೋಡಿ ನಕ್ಕುಬಿಟ್ಟರು.

ಸಿರುಗುಪ್ಪದಲ್ಲಿ ನಮ್ಮ ದೊಡ್ಡ ತಲೆನೋವು ಸಾವಿರಗಟ್ಟಲೆಯದಲ್ಲ, ಒಂದು ರೂಪಾಯಿಯದು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ದೇಶನೂರು ಕಡೆ ವರ್ಷಕ್ಕೆ ಎರಡು ಬೆಳೆ ಭತ್ತ. ನಾಟಿಗೆ ರಾರಾವಿ ಕಡೆಯಿಂದ ಹೆಣ್ಣಾಳುಗಳ ಗುಂಪು ಚಕ್ಕಡಿ ಕಟ್ಟಿಕೊಂಡು ಬರುತ್ತಿತ್ತು. ಅವರ ಯಜಮಾನತಿ ತಿಪ್ಪಮ್ಮ. ಐವತ್ತರ ಹೆಂಗಸು, ಸಿಟ್ಟು ಬಂದರೆ ತೆಲುಗು, ಸಮಾಧಾನವಾದರೆ ಕನ್ನಡ. ಅವಳ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಗದ್ದೆಯಿಂದ ಮೇಲೆ ಬಂದು ಕಾಲು ತೊಳೆದುಕೊಂಡ ಮೇಲೆ, ಚಕ್ಕಡಿ ಹತ್ತುವ ಮೊದಲು, ಪ್ರತಿಯೊಬ್ಬಳ ಕೈಗೂ ಅವಳವಳ ಕೂಲಿ ಬೀಳಬೇಕು. ಐದು ಜನಕ್ಕೆ ಸೇರಿಸಿ ಒಂದು ದೊಡ್ಡ ನೋಟು ಕೊಟ್ಟರೆ ಆಗದು. ಹಾಗೆ ಕೊಟ್ಟಾಗ ಅದು ಒಬ್ಬಳ ಮನೆಗೆ ಹೋಗಿ, ಆ ಮನೆಯ ಗಂಡಸಿನ ಕೈಗೆ ಸಿಕ್ಕು, ಉಳಿದ ನಾಲ್ವರು ಬಾಯಿ ಬಡಿದುಕೊಂಡ ಉದಾಹರಣೆಗಳು ಅವಳ ಬಳಿ ಬೇಕಾದಷ್ಟಿದ್ದವು. ಕೈಗೆ ಬಂದ ನೋಟು ನೇರ ಎಲೆ ಅಡಿಕೆಯ ಸಂಚಿಯೊಳಗೆ ಹೋಗುತ್ತಿತ್ತು. ಸಂಚಿಗೆ ಗಂಡಸರು ಕೈ ಹಾಕುತ್ತಿರಲಿಲ್ಲ. ಅದೊಂದು ಮರ್ಯಾದೆ ಆ ಕಡೆ ಇನ್ನೂ ಉಳಿದಿತ್ತು.

ರೈತರಿಗೆ ಗಿರಣಿಯಿಂದ ಸಿಗುತ್ತಿದ್ದದ್ದು ನೂರರ ನೋಟು. ಅಂಗಡಿಯಲ್ಲಿ ಮುರಿಸಲು ಹೋದರೆ ಚಿಲ್ಲರೆಗೂ ವಟ್ಟ ಎಂದು ನೂರಕ್ಕಿಷ್ಟು ಹಿಡಿದುಕೊಳ್ಳುತ್ತಿದ್ದರು. ಹಾಗಾಗಿ ಎಲ್ಲರೂ ಖಜಾನೆಯ ಕಿಟಕಿಗೆ ಬರುತ್ತಿದ್ದರು. ಕೊಟ್ಟ ಒಂದು ರೂಪಾಯಿಗಳು ತಿಂಗಳೊಪ್ಪತ್ತಿನಲ್ಲಿ ತಿರುಗಿ ನಮ್ಮಲ್ಲಿಗೇ ಬರುತ್ತಿದ್ದವು, ಮೈಗೆಲ್ಲ ಕಾಚಿನ ಕೆಂಪು ಬಳಿದುಕೊಂಡು. ಸಂಚಿಯೊಳಗಿನ ಕಾಚು, ಸುಣ್ಣ, ಒದ್ದೆ ಎಲೆ ಎಲ್ಲ ಅವಕ್ಕೆ ಹತ್ತಿರುತ್ತಿತ್ತು. ಹುಸೇನ್ ಸಾಹೇಬರು ಅವನ್ನು ಮೂಗಿನ ಹತ್ತಿರ ಹಿಡಿದು, "ಇದು ರಾರಾವಿ ನೋಟು. ಇದು ಊರಾಗಿನ ಬೀಡಿ ಅಂಗಡಿದು" ಎನ್ನುತ್ತಿದ್ದರು. ಹರಿದದ್ದು, ಜೀರ್ಣವಾದದ್ದು, ಅಂಕಿ ಕಾಣದ್ದು ಮಾತ್ರ ಸವೆದ ನೋಟೆಂದು ಬೇರೆ ಇಟ್ಟು, ಕೆಂಪು ನೋಟನ್ನು ಮತ್ತೆ ಕಿಟಕಿಯಲ್ಲಿ ಕೊಡುತ್ತಿದ್ದರು. ಯಾರೂ ತಕರಾರು ಮಾಡಿದ್ದಿಲ್ಲ.

ಹೀಗಿರುವಾಗ ಮೈಸೂರು ಕಡೆಯ ನರಸಿಂಹಮೂರ್ತಿಗಳು ನಮಗೆ ಅಧಿಕಾರಿಯಾಗಿ ಬಂದರು. ಪ್ರಾಮಾಣಿಕರು, ಕೆಲಸಗಾರರು, ಆದರೆ ಮಡಿ ವಿಪರೀತ. ಮೇಜಿನ ಡ್ರಾಯರಿನಲ್ಲಿ ಸೋಪು, ಮಡಚಿದ ಬಿಳಿ ಕರವಸ್ತ್ರ. ಹೋಟೆಲಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಬಂದ ತಿಂಗಳೇ ಕೆಂಪು ನೋಟಿನ ಕಟ್ಟು ನೋಡಿ ಮುಖ ಕಿವುಚಿ, "ಇದನ್ನ ಜನಕ್ಕೆ ಕೊಡ್ತೀರಾ? ಎಲ್ಲಾ ಸವೆದ ನೋಟಿಗೆ ಹಾಕಿ, ಪೆಟ್ಟಿಗೆಯಲ್ಲಿಡಿ. ಬೆಂಗಳೂರಿಗೆ ಕಳಿಸೋಣ" ಎಂದರು.

"ಸರ್, ಒಳಗಿಟ್ರ ಚಿಲ್ಲರೆ ಸಾಲಂಗಿಲ್ಲ" ಎಂದೆ.

"ಹೊರಗೆ ಎಷ್ಟು ನೋಟಿರಬೇಕು ಅನ್ನೋದಕ್ಕೊಂದು ಮಿತಿ ಇದೆ, ಚನ್ನಬಸಯ್ಯನವರೆ."

ಈ ಮಿತಿಯ ಪಾಠ ನನಗೂ ಆಗಿತ್ತಲ್ಲ. "ನೂರು ಒಳಗ ಬಂದು ನೂರು ಹೊರಗ ಹೋದ್ರ ಮಿತಿ ಎಲ್ಲಿ ಮೀರ್ತದ ಸರ್?" ಎಂದೆ. ಅವರು ಡ್ರಾಯರಿನ ಕರವಸ್ತ್ರ ತೆಗೆದು ಬೆರಳು ಒರೆಸಿಕೊಳ್ಳುತ್ತ, "ಲೆಕ್ಕ ನನಗೂ ಗೊತ್ತು. ಇದು ಮರ್ಯಾದೆ ಪ್ರಶ್ನೆ. ಸರ್ಕಾರದ ನೋಟು ಉಗುಳಿದ ಹಾಗಿರಬಾರದು" ಎಂದರು. ಕೀಲಿ ಅವರದ್ದು, ಮಾತೂ ಅವರದ್ದೇ ನಡೆಯಿತು. ಪೆಟ್ಟಿಗೆಯಲ್ಲಿ ಕೆಂಪು ನೋಟು ತುಂಬಿತು, ಕಿಟಕಿಯಲ್ಲಿ ಚಿಲ್ಲರೆ ಕಡಿಮೆಯಾಯಿತು, ಅಂಗಡಿಯವರ ವಟ್ಟ ಏರಿತು. ನನಗೆ ಮೈ ಉರಿಯುತ್ತಿತ್ತು.

ಎಪ್ಪತ್ತೆಂಟರ ಜನವರಿಯಲ್ಲಿ, ಎರಡನೇ ಬೆಳೆಯ ನಾಟಿ ನಡೆದಾಗಲೇ, ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು ಇನ್ನು ನಡೆಯುವುದಿಲ್ಲವೆಂದು ರೇಡಿಯೋದಲ್ಲಿ ಬಂತು. ಮರುದಿನ ಬ್ಯಾಂಕು, ಖಜಾನೆ ಎರಡೂ ಜನರಿಗೆ ಬಂದ್. ನಾವು ಬಾಗಿಲಿಗೆ ಹಲಗೆ ಬರೆದು ಹಾಕಿದೆವು. ಅಂಥ ನೋಟನ್ನು ಸಿರುಗುಪ್ಪದಲ್ಲಿ ಎಷ್ಟು ಜನ ಕಣ್ಣಾರೆ ಕಂಡಿದ್ದರೋ ಕಾಣೆ. ಗಿರಣಿಯ ಮಾಲೀಕರೊಬ್ಬರು ಮಾತ್ರ ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಕನ್ನಡಕ ಒರೆಸಿಕೊಂಡು ಹೋದರು.

ಅದೇ ಹೊತ್ತಿಗೆ ದೇಶನೂರಿನ ಗಂಗಣ್ಣ ಬಂದ. ತಿಪ್ಪಮ್ಮನ ಗುಂಪು ಅವನ ಗದ್ದೆಯಲ್ಲಿ ನಾಟಿ ಹಚ್ಚಿತ್ತು, ಅವನಿಗೆ ಚಿಲ್ಲರೆ ಬೇಕಿತ್ತು. ಹುಸೇನ್ ಸಾಹೇಬರು ಕರುಣೆ ಉಕ್ಕಿ, "ಒಳಗ ಕೆಂಪು ನೋಟು ಬೇಕಾದಷ್ಟು ಅದಾವ ಸಾಹೇಬ್ರ" ಎಂದು ಅಧಿಕಾರಿಗೆ ಹೇಳಿದರು. ನರಸಿಂಹಮೂರ್ತಿಗಳು ಬಾಗಿಲಿಗೆ ಬಂದು, ನೆರೆದ ಮಂದಿಯೆಲ್ಲ ಕೇಳುವಂತೆ, "ಎಷ್ಟು ಸಲ ಹೇಳಬೇಕ್ರೀ ನಿಮಗೆ? ಕೆಂಪು ನೋಟು ಬಂದ್ ಅಂದ್ರೆ ಬಂದ್!" ಎಂದು ಗದರಿದರು.

ಪಕ್ಕದಲ್ಲೇ ಹಲಗೆ, ಮೇಲೆ ಈ ಮಾತು. ಇನ್ನೇನು ಬೇಕು? ಸಂಜೆಯೊಳಗೆ ಸುದ್ದಿ ರಾರಾವಿ ಮುಟ್ಟಿತು. ದೊಡ್ಡ ನೋಟಿನ ಜೊತೆಗೆ ಸರ್ಕಾರ ಕೆಂಪು ನೋಟನ್ನೂ ರದ್ದು ಮಾಡಿದೆಯಂತೆ!

ಮುಂದಿನ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಒಂದು ಚಕ್ಕಡಿ ತುಂಬ ಹೆಂಗಸರು ಬಂದಿಳಿದರು. ಹಿಂದೆಯೇ ಸೈಕಲ್ಲಿನಲ್ಲಿ ಬಂದ ಗಂಗಣ್ಣನ ಮುಖ ಸಪ್ಪಗಾಗಿತ್ತು. ತಿಪ್ಪಮ್ಮ ಕಿಟಕಿಯ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ನೋಟುಗಳು. ನೋಟೆಂದು ಊಹಿಸಿಕೊಳ್ಳಬೇಕು, ಅಷ್ಟು ಬೆಳ್ಳಗಾಗಿದ್ದವು.

"ಅಯ್ಯನೋರ, ಈಗ ನೋಡ್ರಿ. ಒಂದರಾಗೂ ಕೆಂಪಿಲ್ಲ. ಈಗ ನಡೀತಾವಲ್ಲ?"

"ಏನ್ ಮಾಡಿದಿ ತಿಪ್ಪಮ್ಮ ಇವಕ್ಕ?"

"ತೊಳದ್ವಿ ರೀ. ಕಾಲುವಿ ದಂಡಿಮ್ಯಾಗ ಕುಂತು ಎಲ್ರೂ ತೊಳದ್ವಿ. ಅಂಟವಾಳಕಾಯಿ ಹಾಕಿದ್ವಿ, ಸೋಡಾ ಹಾಕಿದ್ವಿ. ನನ್ನವು ಬಿಡಲೇ ಇಲ್ಲ ನೋಡ್ರಿ, ಹುಣಿಸಿಹಣ್ಣು ಹಚ್ಚಿ ತಿಕ್ಕಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಪು ಇದ್ದಾಗ ಚೆನ್ನಾಗಿಯೇ ನಡೆಯುತ್ತಿದ್ದ ನೋಟುಗಳು ಈಗ ನಿಜವಾಗಿಯೂ ಕೆಟ್ಟಿದ್ದವು. ಕೆಲವದರ ಅಂಕಿ ಮಾಸಿತ್ತು, ಕೆಲವದರ ಸಹಿ ಹೋಗಿತ್ತು. ಅಷ್ಟೂ ಜನರ ಮಾಗಿಯ ಕೂಲಿ ಅದರಲ್ಲಿತ್ತು, ಗಂಡಸರ ಕೈಗೆ ಸಿಗದಂತೆ ಸಂಚಿಯಲ್ಲಿ ಬಚ್ಚಿಟ್ಟು ಉಳಿಸಿದ್ದು. ನಾನು ಒಂದು ನೋಟನ್ನು ತಿರುವಿ ಅಂಕಿ ಹುಡುಕುವುದು ನೋಡಿ ಹಿಂದಿದ್ದ ಒಬ್ಬ ಹೆಣ್ಣುಮಗಳು ಸಣ್ಣಗೆ ಅಳಲು ಶುರುಮಾಡಿದಳು. "ಏಯ್, ಊರುಕೋವೇ!" ಎಂದು ತಿಪ್ಪಮ್ಮ ಅವಳನ್ನು ಸುಮ್ಮನಿರಲು ತೆಲುಗಿನಲ್ಲಿ ಗದರಿಸಿದಳು.

ಗಂಗಣ್ಣ, "ಇದು ತೀರ್ಮಾನ ಆಗೋತನಕ ಗದ್ದಿಗಿ ಇಳಿಯಂಗಿಲ್ಲ ಅಂತಾರ್ರಿ. ಸಸಿ ಬಲಿಯಾಕತ್ತಾವ" ಎಂದು ಕೈ ಮುಗಿದ.

ನರಸಿಂಹಮೂರ್ತಿಗಳು ಹೊರಗೆ ಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಯಾರ ಯಾವ ಮಾತಿನಿಂದ ಇದು ಹುಟ್ಟಿತು ಎಂಬುದನ್ನೂ ಬಿಡದೆ ಹೇಳಿದೆ. ಅವರ ಮುಖ ಬಾಡಿತು. ಅನುಮಾನದ ನೋಟುಗಳನ್ನು ಬೆಂಗಳೂರಿಗೆ ಕಳಿಸಿ ಉತ್ತರಕ್ಕೆ ಕಾಯುವುದು ಸುಲಭದ ದಾರಿ, ಅವರಿಗೆ ಅಪಾಯವಿಲ್ಲದ ದಾರಿ. ಉತ್ತರ ಬರುವಷ್ಟರಲ್ಲಿ ಭತ್ತ ಕಣಕ್ಕೆ ಬರುತ್ತಿತ್ತು. ಇಲ್ಲೇ ತೆಗೆದುಕೊಂಡು, ಮುಂದೆ ಬೆಂಗಳೂರಿನವರು ಆಗದು ಎಂದರೆ, ಅಷ್ಟೂ ಹಣ ಅವರ ಮತ್ತು ಹುಸೇನ್ ಸಾಹೇಬರ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು.

ಅವರು ತಿಪ್ಪಮ್ಮನನ್ನು ನೋಡಿ, "ಯಾಕಮ್ಮಾ ತೊಳೆದ್ರಿ? ಯಾರು ಹೇಳಿದ್ರು?" ಎಂದರು.

"ನೀವ ಹೇಳಿದ್ರಂತಲ್ರಿ" ಎಂದಳು ಅವಳು. ಕೊಂಕಿರಲಿಲ್ಲ. ಸಾಹೇಬರ ಮಾತಿನಂತೆ ನಡೆದ ನೆಮ್ಮದಿಯೇ ಅದರಲ್ಲಿತ್ತು.

ಸಾಹೇಬರು ಪಡಸಾಲೆಗೆ ಬೆಂಚು ಹಾಕಿಸಿ, ಬಿಸಿಲಿಗೆ ಮುಖ ಮಾಡಿ ಕೂತರು. ಪಕ್ಕದಲ್ಲಿ ಹುಸೇನ್ ಸಾಹೇಬರು ಕೂತರು. ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು ಕಾಗದದೊಳಗಿನ ಸಿಂಹದ ನೀರಚ್ಚಿನ ಗುರುತು ಹುಡುಕಿದರು, ಅಂಕಿ ಓದಿದರು, ಸಹಿಯ ಎಳೆ ಹಿಡಿದರು. "ಸಿಕ್ತು" ಎಂದು ಸಾಹೇಬರು ಅಂದರೆ ಹುಸೇನ್ ಸಾಹೇಬರು "ಹಾಂ, ಐತಿ" ಎನ್ನುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನೋಟುಗಳಿಗೆ ಅಂಟವಾಳದ ಜಿಗುಟು ಇನ್ನೂ ಇತ್ತು. ಕರವಸ್ತ್ರ ಡ್ರಾಯರಿನಲ್ಲೇ ಉಳಿಯಿತು. ನನಗೆ ಅವರ ಮೇಲಿದ್ದ ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ನೋಟೂ ಪಾಸಾದವು. ಹುಣಿಸೆಹಣ್ಣು ಕಂಡಿದ್ದ ತಿಪ್ಪಮ್ಮನ ಕೆಲವು ಮಾತ್ರ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಅವನ್ನು ಬೆಂಗಳೂರಿಗೆ ಕಳಿಸಲು ಲಕೋಟೆಗೆ ಹಾಕಿದೆವು.

ಈಗ ಬದಲಿಗೆ ಕೊಡಬೇಕಲ್ಲ. ಹೊಸ ಒಂದು ರೂಪಾಯಿಗಳು ಎಂದೋ ಮುಗಿದಿದ್ದವು. ಸಾಹೇಬರು ಜೇಬಿನಿಂದ ಕೀಲಿ ತೆಗೆದು, "ಶರಾಫರೇ, ಪೆಟ್ಟಿಗೆ ತೆಗೀರಿ" ಎಂದರು. ಎರಡು ಬೀಗ ತೆರೆದವು. ಅವರೇ ಒಳಗೆ ತುಂಬಿಸಿದ್ದ ಕೆಂಪು ನೋಟಿನ ಕಟ್ಟುಗಳು ಕಿಟಕಿಗೆ ಬಂದವು.

ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ದೇವುಡಾ! ನಮ್ಮ ಚೊಲೊ ನೋಟು ತಗೊಂಡು ಬಂದ್ ಆದವು ಕೊಡ್ತೀರೇನು?" ಎಂದಳು ತಿಪ್ಪಮ್ಮ.

"ಬಂದ್ ಆಗಿಲ್ಲಮ್ಮ. ಇವು ನಡೆಯುತ್ತವೆ."

"ಅವತ್ತು ನಡೆಯಂಗಿಲ್ಲ ಅಂದ್ರಿ."

ನಾನು ಹೇಳಿದೆ, ಹುಸೇನ್ ಸಾಹೇಬರು ಅಲ್ಲಾನ ಆಣೆ ಇಟ್ಟರು, ಗಂಗಣ್ಣ ಕಾಲು ಹಿಡಿಯುವುದೊಂದು ಬಾಕಿ. ಯಾರೂ ಮುಟ್ಟಲಿಲ್ಲ. ಆಗ ನರಸಿಂಹಮೂರ್ತಿಗಳು ತಮ್ಮ ಜೇಬಿನಿಂದ ಐದರ ನೋಟು ತೆಗೆದು ಕಿಟಕಿಯಲ್ಲಿಟ್ಟು, ಬದಲಿಗೆ ಐದು ಕೆಂಪು ನೋಟು ಎಣಿಸಿಕೊಂಡು, "ಬನ್ನಿ ನನ್ನ ಜೊತೆ" ಎಂದು ರಸ್ತೆ ದಾಟಿದರು. ಎದುರಿಗೆ ಶಿವಣ್ಣನ ಹೋಟೆಲು. ಊರಿಗೆ ಬಂದಾಗಿನಿಂದ ಅತ್ತ ತಲೆ ಹಾಕದ ಸಾಹೇಬರು ಬೆಂಚಿನ ಮೇಲೆ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೇಳಿದರು. ರಾರಾವಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಅವರು ತಿನ್ನುವುದನ್ನೇ ನೋಡಿದರು. ಮಿರ್ಚಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಬಿಡದೆ ತಿಂದು, ಚಹಾ ಕುಡಿದು, ಕೆಂಪು ನೋಟು ಚಾಚಿದರು.

ಶಿವಣ್ಣ ಎರಡೂ ಕೈ ಜೋಡಿಸಿದ. "ಬ್ಯಾಡ್ರಿ ಸಾಹೇಬ್ರ! ಮೊದಲನೇ ಸಲ ಬಂದೀರಿ, ನಿಮ್ಮ ಕಡಿ ರೊಕ್ಕ ತಗೊಳ್ಳಾಕ ಆಗತೈತೇನ್ರಿ?"

"ನೋಡ್ರಿ, ನೋಡ್ರಿ! ತಗೊಳ್ಳವಲ್ಲ!" ಎಂದು ತಿಪ್ಪಮ್ಮ ಕೂಗಿದಳು. ಹಿಂದಿನವರೆಲ್ಲ "ಬಂದ್ ಆಗೈತಿ" ಎಂದು ಗುಜುಗುಜು ಶುರುಮಾಡಿದರು.

ಸಾಹೇಬರು ಕಂಗಾಲಾಗಿ, "ತಗೊಳ್ರೀ, ದಮ್ಮಯ್ಯ ತಗೊಳ್ರೀ" ಎಂದರು. ಅವನು ಇನ್ನೂ ಹಿಂದೆ ಸರಿದ. ಹುಸೇನ್ ಸಾಹೇಬರು ರಸ್ತೆಯಾಚೆಯಿಂದಲೇ, "ಅರೆ ಶಿವಣ್ಣ, ತಗೊಳ್ಳಲೇ! ನಿನ್ನ ಮರ್ಯಾದಿ ಸುಡ್ಲಿ, ಇಲ್ಲಿ ನಮ್ಮ ನೌಕರಿ ಹೊಕ್ಕೈತಿ!" ಎಂದು ಒದರಿದರು. ಶಿವಣ್ಣ ಏನೂ ಅರ್ಥವಾಗದೆ ನೋಟು ಇಸಿದುಕೊಂಡು, ಅಭ್ಯಾಸದಂತೆ ಕಣ್ಣಿಗೊತ್ತಿಕೊಂಡು, ಗಲ್ಲಾಕ್ಕೆ ಹಾಕಿ ಚಿಲ್ಲರೆ ಕೊಟ್ಟ. ಸಾಹೇಬರು ಆ ಚಿಲ್ಲರೆಯನ್ನು ಅಂಗೈಯಲ್ಲಿಟ್ಟು ತಿಪ್ಪಮ್ಮನಿಗೆ ತೋರಿಸಿದರು. ಅವಳು ಒಂದೊಂದು ನಾಣ್ಯವನ್ನೂ ಮುಟ್ಟಿ ನೋಡಿದಳು.

"ಹಂಗಾರ ನಡೀತಾವ ಬಿಡ್ರಿ" ಎಂದಳು.

ಹೆಂಗಸರು ಸಾಲಾಗಿ ಬಂದು ಅವರವರ ನೋಟು ಅವರವರೇ ಎಣಿಸಿಕೊಂಡು ಸಂಚಿಗೆ ಹಾಕಿಕೊಂಡರು. ಗಂಗಣ್ಣನ ನಾಟಿ ಆ ಮಧ್ಯಾಹ್ನವೇ ಮತ್ತೆ ಶುರುವಾಯಿತು. ಪೆಟ್ಟಿಗೆಯಿಂದ ಹೋದ ಕೆಂಪು, ಪೆಟ್ಟಿಗೆಗೆ ಬಂದ ಬಿಳುಪು, ಎರಡೂ ಸರಿ ಸಮ. ಹೊರಗಿನ ಚಲಾವಣೆ ಒಂದು ಪೈಸೆಯಷ್ಟೂ ಹೆಚ್ಚಿರಲಿಲ್ಲ. ಬೆಂಗಳೂರಿಗೆ ಹೋದ ತೊಳೆದ ನೋಟುಗಳ ಬಗ್ಗೆ ಯಾರ ಸಂಬಳವೂ ಮುರಿಯಲಿಲ್ಲ. ಸಾಹೇಬರು ಅಂದಿನಿಂದ ನೋಟು ವಿಂಗಡಿಸುವ ಕೆಲಸದಲ್ಲಿ ಶರಾಫರ ಕಣ್ಣನ್ನೇ ನಂಬಿದರು. ಮಿರ್ಚಿಯ ರುಚಿ ಹತ್ತಿದ್ದು ಮಾತ್ರ ಅವರ ಮನೆಯವರಿಗೆ ಗೊತ್ತಾಗದಂತೆ ನಾವು ಕಾಪಾಡಿದೆವು.

ಎಂಬತ್ತರ ದಶಕದಲ್ಲಿ ಆ ಪೆಟ್ಟಿಗೆ ಖಜಾನೆಯಿಂದ ಬ್ಯಾಂಕಿಗೆ ಹೋಯಿತು. ನಮ್ಮಲ್ಲಿ ಬರೀ ಬಿಲ್ಲು, ಚೆಕ್ಕು ಉಳಿದವು. ಕೆಲಸ ಹಗುರಾಯಿತು, ಸುಳ್ಳೇಕೆ ಹೇಳಲಿ, ಕಚೇರಿ ಬಣಬಣ ಎನಿಸಿತು. ಹುಸೇನ್ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹುಡುಗಿಯರೇ, ನೀವು ಈಗ ಪರದೆಯ ಮೇಲೆ ಅಂಕಿ ನೋಡುತ್ತೀರಿ, ನೋಡಿರಿ. ನೀವು ಬಾಗಿಲಲ್ಲಿ ನಿಂತು ಆಡಿದ ಒಂದು ಮಾತು ಸಂಜೆಯೊಳಗೆ ಯಾವ ಊರು ಮುಟ್ಟುತ್ತದೆ ಎಂಬುದು ಮಾತ್ರ ಆ ಪರದೆಯ ಮೇಲೆ ಕಾಣುವುದಿಲ್ಲ.

ತಿಪ್ಪಮ್ಮನ ಲಕೋಟೆಯ ಮಾತು ಉಳಿಯಿತು. ನಾವು ಅಂದುಕೊಂಡಂತೆಯೇ ಕೊಯ್ಲಿನ ಹೊತ್ತಿಗೆ ಬೆಂಗಳೂರಿನಿಂದ ಉತ್ತರ ಬಂತು. ಎಲ್ಲ ನೋಟಿಗೂ ಹಣ ಕೊಡಬಹುದೆಂದು ಬರೆದಿದ್ದರು. ಅವಳಿಗೆ ಹೇಳಿಕಳಿಸಿದೆ. ಅವಳು ತಿಂಗಳುಗಟ್ಟಲೆ ಕಾದಿದ್ದಾಳೆ, ಒಳ್ಳೆಯದನ್ನೇ ಕೊಡೋಣ ಎಂದು ಆಗತಾನೆ ಬಳ್ಳಾರಿಯಿಂದ ಬಂದಿದ್ದ ಹೊಸ ಕಟ್ಟು ಬಿಚ್ಚಿ, ಮಡಿಕೆ ಬೀಳದ ನೋಟುಗಳನ್ನು ಅವಳ ಕೈಯಲ್ಲಿಟ್ಟೆ.

ಅವಳು ಅವನ್ನು ತಿರುಗಿಸಿ ತಿರುಗಿಸಿ ನೋಡಿ, ಕಿಟಕಿಯೊಳಗೆ ವಾಪಸ್ಸು ಸರಿಸಿದಳು.

"ಬ್ಯಾಡ್ರಿ ಅಯ್ಯನೋರ. ಕೆಂಪುವ ಕೊಡ್ರಿ."

"ಯಾಕ ತಿಪ್ಪಮ್ಮ? ಇವು ಹೊಸಾವು!"

"ಕೆಂಪು ನೋಟನ್ನ ಸಾಹೇಬ್ರು ಖಾರ ತಿಂದು, ಕಣ್ಣಾಗ ನೀರು ತಂದ್ಕೊಂಡು ನಡಸಿ ತೋರ್ಸ್ಯಾರ" ಎಂದಳು. "ಇವನ್ನ ಯಾರು ತೋರ್ಸ್ಯಾರ?"

ಒಳಗಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನರಸಿಂಹಮೂರ್ತಿಗಳು ಬಾಗಿಲಿಗೆ ಬಂದರು, ಕೈಯಲ್ಲಿ ಕೀಲಿ ಇತ್ತು.

"ಶರಾಫರೇ, ಪೆಟ್ಟಿಗೆ ತೆಗೀರಿ" ಎಂದರು.